ಆನೆ, ನೀಲಿ ಕೊಡೆ ಮತ್ತು ಲೈಕು

ಬೇಮಳಖೇಡದ ಗೆಳೆಯರೇ, ರೀಲ್ ಹಾಕಿ ಐದೈದು ನಿಮಿಷಕ್ಕೊಮ್ಮೆ ಲೈಕು ಎಣಿಸ್ತೀರಾ? ಹುಮನಾಬಾದ್ ದಾಟಿ ಬಸವಕಲ್ಯಾಣಕ್ಕೆ ಬನ್ನಿ. ಅಲ್ಲಿ ಈ ಚಿಂತೆ ಒಂಬೈನೂರು ವರ್ಷ ಹಳೆಯದು.

ಕಾಶ್ಮೀರದಿಂದ ಬಂದ ಬಿಲ್ಹಣ ಇಲ್ಲಿ, ಅಂದಿನ ಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನಕವಿ. ರಾಜನನ್ನು ಹೊಗಳಿ 18 ಸರ್ಗಗಳ ‘ವಿಕ್ರಮಾಂಕದೇವಚರಿತ’ ಬರೆದ. ಸಿಕ್ಕಿದ್ದೇನು? ‘ವಿದ್ಯಾಪತಿ’ ಪದವಿ, ನೀಲಿ ಕೊಡೆ, ಮೇಲೊಂದು ಆನೆ! ಅದನ್ನೂ ಕಾವ್ಯದಲ್ಲೇ ಹೇಳಿಕೊಂಡಿದ್ದಾನೆ. ಇವತ್ತಿನ ಬ್ಲೂ ಟಿಕ್ ಅದರ ಮುಂದೆ ಏನೂ ಅಲ್ಲ ಬಿಡಿ.

ಕೆಲವೇ ದಶಕ ಕಳೆದವು. ಅದೇ ಕಲ್ಯಾಣ. ಬಸವಣ್ಣನವರು ಬಿಜ್ಜಳನ ಭಂಡಾರಿ. ದೊರೆಯನ್ನು ಹೊಗಳಿದ್ದರೆ ಆನೆಯೇನು ದೂರವಿರಲಿಲ್ಲ. ಅವರು ತಾಳ, ಛಂದಸ್ಸಿನ ಗೊಡವೆಯೇ ಬೇಡವೆಂದು ಆಡುಮಾತಲ್ಲಿ ವಚನ ಹೇಳಿದರು. ಕೊನೆಗೆ ಹಾಕಿದ್ದು ತಮ್ಮ ಹೆಸರಲ್ಲ, ಕೂಡಲಸಂಗಮದೇವನ ಅಂಕಿತ.

ಹಾಗಂತ ಬಸವಣ್ಣನವರಿಗೂ ಅವರ ಜೊತೆಗಿದ್ದ ಶರಣರಿಗೂ ಕೇಳುಗರು ಬೇಡವಾಗಿರಲಿಲ್ಲ. ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಶರಣೆ ಆಯ್ದಕ್ಕಿ ಲಕ್ಕಮ್ಮ ವಚನದಲ್ಲೇ ತರಾಟೆಗೆ ತೆಗೆದುಕೊಂಡಳು. ಅಲ್ಲಿ ಚಪ್ಪಾಳೆಗಿಂತ ತಿದ್ದುವವರೇ ಮುಖ್ಯ.

ಆದ್ದರಿಂದ ನಿಮ್ಮ ತೊಗರಿ ಹೊಲದ ಬಗ್ಗೆ, ನಿಮ್ಮೂರ ಮಾತಲ್ಲೇ ರೀಲ್ ಮಾಡಿ. ತಪ್ಪು ಹೇಳುವ ಒಬ್ಬ ಗೆಳೆಯನಿಗೆ ಮೊದಲು ತೋರಿಸಿ. ಆಮೇಲೆ ಹಾಕಿ, ಫೋನು ಜೇಬಿಗಿಡಿ.