ಆಕಾರ ನಿಲ್ಲುವ ಕ್ರೋಷಾ ಕೈಚೀಲ: ಮನೆಯಲ್ಲಿ ಹೆಣೆಯುವ ಬಗೆ ಹಾಗೂ ಕೂಲಿಯ ಲೆಕ್ಕ

ಸ್ವಸಹಾಯ ಗುಂಪುಗಳ ಮಹಿಳೆಯರು ಮನೆಯಲ್ಲಿದ್ದುಕೊಂಡೇ ಕೈಗೊಳ್ಳಬಹುದಾದ ಕಸುಬುಗಳ ವಿಷಯ ವಾರ್ಡ್ ಸಭೆಗಳಲ್ಲಿ ಬಂದಾಗ ಹಪ್ಪಳ, ಉಪ್ಪಿನಕಾಯಿ, ಹೊಲಿಗೆಗಳ ಜೊತೆಗೆ ಕ್ರೋಷಾ ಕೈಚೀಲದ ಹೆಸರೂ ಕೇಳಿಬರುತ್ತದೆ. ಬಾಗಿಲ ತೋರಣ, ಮೇಜಿನ ಹೊದಿಕೆ, ಟಿ.ವಿ. ಮೇಲಿನ ಕವರು ಹೆಣೆದ ಕೈಗಳು ಪ್ರತಿ ಊರಿನಲ್ಲೂ ಇರುವುದರಿಂದ ಇದು ಸುಲಭವೆಂದು ತೋರುವುದು ಸಹಜ. ಆದರೆ ತೋರಣಕ್ಕೂ ಕೈಚೀಲಕ್ಕೂ ವ್ಯತ್ಯಾಸವಿದೆ. ತೋರಣ ಜೋತುಬಿದ್ದರೆ ಅಂದ. ಕೈಚೀಲ ಜೋತುಬಿದ್ದರೆ ಗ್ರಾಹಕರು ಅದನ್ನು ಕೊಳ್ಳುವುದಿಲ್ಲ. ಒಕ್ಕೂಟದಿಂದ ಬರುವ ಇಂತಹ ಪ್ರಸ್ತಾವನೆಯನ್ನು ಪರಿಶೀಲಿಸುವ ಸದಸ್ಯರಿಗೆ ಈ ಕೆಲಸದ ಒಳಗುಟ್ಟು ಹಾಗೂ ಅದರ ಕೂಲಿಯ ಲೆಕ್ಕ ಎರಡೂ ತಿಳಿದಿರುವುದು ಅಗತ್ಯ.

ಕ್ರೋಷಾ ಎಂದರೆ ಒಂದೇ ಕೊಕ್ಕೆಯಿಂದ ನೂಲಿನ ಕುಣಿಕೆಯೊಳಗೆ ಕುಣಿಕೆ ಎಳೆಯುತ್ತಾ ಸಾಗುವ ಹೆಣಿಗೆ. ಸ್ವೆಟರಿನ ಎರಡು ಕಡ್ಡಿಗಳ ಹೆಣಿಗೆಯನ್ನು ಯಂತ್ರಗಳು ಬಹಳ ಹಿಂದೆಯೇ ಕಲಿತವು. ನಿಜವಾದ ಕ್ರೋಷಾವನ್ನು ಕಾರ್ಖಾನೆಯ ಯಂತ್ರಗಳು ಇಂದಿಗೂ ಹೆಣೆಯುತ್ತಿಲ್ಲ. ಅಂಗಡಿಯಲ್ಲಿ ಯಾವುದೇ ಕ್ರೋಷಾ ಚೀಲ ಎಷ್ಟೇ ಅಗ್ಗಕ್ಕೆ ಕಂಡರೂ ಅದರ ಹಿಂದೆ ಯಾರದೋ ಕೈ ಇದೆ.

ಚೀಲದ ಗಟ್ಟಿತನ ಆರಂಭವಾಗುವುದು ದಾರದ ಆಯ್ಕೆಯಿಂದ. ಹತ್ತಿಯ ಹಗ್ಗದಾರ ಕೈಗೆ ಹಿತ, ಬಣ್ಣವೂ ಚೆನ್ನ. ಆದರೆ ನೀರು ಹೀರಿ ಭಾರವಾಗುತ್ತದೆ, ಮಲೆನಾಡು ಹಾಗೂ ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಭಯವೂ ಇದೆ. ಪಾಲಿಯೆಸ್ಟರ್ ದಾರ ಹಗುರ ಮತ್ತು ಬಾಳಿಕೆಯದು. ತುದಿಗಳು ಬಿಚ್ಚಿಕೊಳ್ಳದಂತೆ ಕಾಯಿಸಿ ಮುಚ್ಚಬೇಕು, ಅದರ ಮೇಲೆ ಇಸ್ತ್ರಿ ಇಡಬಾರದು. ತಿರುಪ್ಪೂರಿನಂತಹ ಹೆಣೆದ ಉಡುಪುಗಳ ಕೇಂದ್ರಗಳಲ್ಲಿ ಉಳಿಯುವ ಬಟ್ಟೆಯ ಪಟ್ಟಿಗಳಿಂದಾದ ಟೀ ಶರ್ಟ್ ನೂಲು ಅಗ್ಗ. ಆದರೆ ಅದರ ದಪ್ಪ ಮಾರಿಗೊಮ್ಮೆ ಬದಲಾಗುತ್ತದೆ, ಎಳೆದರೆ ಹಿಗ್ಗುತ್ತದೆ. ಕಲಿಯುವವರಿಗೆ ಅದು ಸರಿ, ಮಾರಾಟದ ಚೀಲಕ್ಕೆ ಅಷ್ಟು ಸರಿಯಲ್ಲ. ಯಾವುದೇ ದಾರವಾದರೂ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಬೇಕು. ಬಣ್ಣ ಬಿಡುವ ದಾರದ ಚೀಲ ಗ್ರಾಹಕರ ಸೀರೆಯನ್ನೂ ಕೆಡಿಸುತ್ತದೆ. ಒಂದು ಚೀಲಕ್ಕೆ ಬೇಕಾದ ದಾರವನ್ನು ಒಂದೇ ಬಾರಿಗೆ, ಒಂದೇ ಬಣ್ಣದ ಪಾಕದ್ದನ್ನು ಕೊಳ್ಳುವುದು ಲೇಸು.

3 ಮಿ.ಮೀ. ದಾರಕ್ಕೆ ಸಾಮಾನ್ಯವಾಗಿ 5 ಮಿ.ಮೀ. ಕೊಕ್ಕೆ ಬಳಸುವ ರೂಢಿ ಇದೆ. ಆಕಾರ ನಿಲ್ಲಬೇಕಾದರೆ 4 ಮಿ.ಮೀ. ಕೊಕ್ಕೆ ಹಿಡಿದು ಬಿಗಿಯಾಗಿ, ಉದ್ದ ಕಂಬಗಳ ಬದಲು ಗಿಡ್ಡದಾದ ಒಂಟಿ ಹೆಣಿಗೆಯಲ್ಲೇ ಇಡೀ ಚೀಲವನ್ನು ಹೆಣೆಯಬೇಕು. ಮೊದಲು ಅಂಡಾಕಾರದ ತಳ. 24 ಸರಪಳಿ ಕಣ್ಣು ಹಾಕಿ, ಕೊಕ್ಕೆಯಿಂದ ಎರಡನೆಯ ಕಣ್ಣಿನಲ್ಲಿ ಆರಂಭಿಸಿ, ಒಂದೊಂದು ಕಣ್ಣಿಗೆ ಒಂದೊಂದು ಹೆಣಿಗೆಯಂತೆ ಸಾಗಿ, ತುದಿಯ ಕಣ್ಣಿನಲ್ಲಿ ಮೂರು ಹೆಣಿಗೆ ಹಾಕಬೇಕು. ಸರಪಳಿಯ ಮತ್ತೊಂದು ಬದಿಯಲ್ಲಿ ಹಿಂದಿರುಗಿ, ಹೊರಟ ಕಣ್ಣಿನಲ್ಲಿ ಇನ್ನೆರಡು ಸೇರಿಸಿದರೆ ಮೊದಲ ಸುತ್ತಿಗೆ 48 ಹೆಣಿಗೆಗಳಾಗುತ್ತವೆ. ಮುಂದೆ ಪ್ರತಿ ಸುತ್ತಿಗೆ ಎರಡೂ ತುದಿಗಳಲ್ಲಿ ಮೂರು ಮೂರರಂತೆ 6 ಹೆಚ್ಚಿಸಿದರೆ 54, 60, 66, 72, ಆರನೆಯ ಸುತ್ತಿಗೆ 78. ಹೆಚ್ಚಿಸುವುದು ಕಡಿಮೆಯಾದರೆ ತಳ ಬಟ್ಟಲಿನಂತೆ ಮೇಲೇಳುತ್ತದೆ, ಅತಿಯಾದರೆ ಲಂಗದ ಅಂಚಿನಂತೆ ಅಲೆ ಅಲೆಯಾಗುತ್ತದೆ. ಪ್ರತಿ ಸುತ್ತಿನ ಮೊದಲ ಹೆಣಿಗೆಗೆ ಒಂದು ಪಿನ್ನು ಸಿಕ್ಕಿಸಿ ಎಣಿಸುವ ಅಭ್ಯಾಸವಿಲ್ಲದವರ ಚೀಲ ಒಂದು ಕಡೆಗೆ ವಾಲುವುದು ಬಹುಮಟ್ಟಿಗೆ ಖಚಿತ.

ತಳ ಮುಗಿದ ಮೇಲಿನ ಒಂದೇ ಒಂದು ಸುತ್ತನ್ನು ಹೆಣಿಗೆಯ ಹಿಂದಿನ ಎಳೆಯಲ್ಲಿ ಮಾತ್ರ ಕೊಕ್ಕೆ ತೂರಿಸಿ ಹಾಕಬೇಕು. ಆಗ ತಳದ ಅಂಚಿನಲ್ಲಿ ಗೆರೆಯೊಂದು ಮೂಡಿ, ಗೋಡೆ ನೆಟ್ಟಗೆ ಮೇಲೇಳುತ್ತದೆ. ಕಲಿಯುವವರಿಗೆ ಅತಿ ಹೆಚ್ಚು ಸಂತೋಷ ಕೊಡುವ ಸುತ್ತು ಇದೇ: ಅಲ್ಲಿಯವರೆಗೆ ಚಾಪೆಯಂತಿದ್ದುದು ಇಲ್ಲಿ ಚೀಲವಾಗುತ್ತದೆ. ಬಳಿಕ ಹೆಚ್ಚಿಸದೆ, ಇಳಿಸದೆ 78ರಂತೆಯೇ ಒಟ್ಟು 28 ಸುತ್ತು ಹೆಣೆದರೆ ಸುಮಾರು 20 ಸೆಂ.ಮೀ. ಎತ್ತರ ಸಿಗುತ್ತದೆ.

ಹೆಣಿಗೆ ಎಷ್ಟೇ ಬಿಗಿಯಾಗಿದ್ದರೂ ಒಳಗೆ ಆಧಾರ ಬೇಕು. ತಳಕ್ಕೆ ರಟ್ಟು ಇಡುವವರಿದ್ದಾರೆ. ಒಂದು ಮಳೆಗೆ ಅದು ಮುದ್ದೆಯಾಗುತ್ತದೆ. ಪ್ಲಾಸ್ಟಿಕ್ ಹಾಳೆ ಅಥವಾ ದಪ್ಪ ರೆಕ್ಸಿನ್ನನ್ನು ತಳದ ಅಳತೆಗೆ ಕತ್ತರಿಸಿ ಇಡುವುದು ಸರಿ. ಅಸ್ತರಿನ ಬಟ್ಟೆಗೆ ದರ್ಜಿಗಳು ಕಾಲರಿಗೆ ಬಳಸುವ ಬಕ್ರಂ ಅನ್ನು ಮೊದಲೇ ಅಂಟಿಸಿ, ಆಮೇಲೆ ಚೀಲದೊಳಗೆ ಕೈಹೊಲಿಗೆಯಲ್ಲಿ ಕೂರಿಸಿದರೆ ಗೋಡೆ ಕುಸಿಯುವುದಿಲ್ಲ. ಮೊದಲು ಸೋಲುವುದು ಹಿಡಿಕೆ. ಬರೀ ಹೆಣಿಗೆಯ ಹಿಡಿಕೆ ಭಾರಕ್ಕೆ ಉದ್ದವಾಗುತ್ತಲೇ ಹೋಗುತ್ತದೆ. ಅದರ ಒಳಮೈಗೆ ಹತ್ತಿಯ ನವಾರು ಹೊಲಿದು, ತುದಿಗಳನ್ನು ಅಸ್ತರಿನವರೆಗೆ ಇಳಿಸಿ ಭದ್ರಪಡಿಸಬೇಕು. ಸಿದ್ಧವಾದ ಚೀಲಕ್ಕೆ 3 ಕೆ.ಜಿ. ಅಕ್ಕಿ ತುಂಬಿ ರಾತ್ರಿಯಿಡೀ ಮೊಳೆಗೆ ನೇತುಹಾಕಿ, ಬೆಳಿಗ್ಗೆ ಹಿಡಿಕೆಯನ್ನು ಮತ್ತೆ ಅಳೆದರೆ ಯಾವ ವರದಿಯೂ ಹೇಳದ ಸತ್ಯ ತಿಳಿಯುತ್ತದೆ.

ಇನ್ನು ಕೂಲಿ. ಮೇಲೆ ಹೇಳಿದ ಚೀಲದಲ್ಲಿ ತಳಕ್ಕೆ 378, ಗೋಡೆಗೆ 2,184, ಒಟ್ಟು 2,562 ಹೆಣಿಗೆಗಳಿವೆ. ಪಳಗಿದ ಕೈ ನಿಮಿಷಕ್ಕೆ 12 ಹೆಣಿಗೆ ಹಾಕುತ್ತದೆಂದು ಹಿಡಿದರೂ ಇದಕ್ಕೇ ಮೂರೂವರೆ ಗಂಟೆ ಬೇಕು. ಹಿಡಿಕೆ, ಅಸ್ತರು, ಗುಂಡಿ, ತಪ್ಪಿದ್ದನ್ನು ಬಿಚ್ಚಿ ಮತ್ತೆ ಹೆಣೆಯುವುದು ಎಲ್ಲ ಸೇರಿ ಅಷ್ಟೇ ಹೊತ್ತು ಎಂದರೆ ಒಂದು ಚೀಲಕ್ಕೆ 7 ಗಂಟೆ. 2025-26ನೇ ಸಾಲಿಗೆ ರಾಜ್ಯದಲ್ಲಿ ನಿಗದಿಯಾದ ನರೇಗಾ ದಿನಗೂಲಿ 370 ರೂಪಾಯಿ; ದಿನಕ್ಕೆ 8 ಗಂಟೆಯೆಂದು ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 46 ರೂಪಾಯಿ. ಅದೇ ಅಳತೆಗೋಲಿನಲ್ಲಿ ಚೀಲವೊಂದರ ಕೂಲಿ 324 ರೂಪಾಯಿ ಆಗಬೇಕು. ವರ್ತಕರೊಬ್ಬರು ದಾರ ಕೊಟ್ಟು ಚೀಲಕ್ಕೆ 100 ರೂಪಾಯಿ ಕೊಡುವುದಾಗಿ ಹೇಳಿದರೆ ಅದು ಗಂಟೆಗೆ 14 ರೂಪಾಯಿ. ಗುಂಪೇ ಸ್ವಂತಕ್ಕೆ ಮಾಡುವುದಾದರೆ, ಸಾಮಗ್ರಿಗೆ 250 ರೂಪಾಯಿ ತಗಲುವ ಪಕ್ಷದಲ್ಲಿ, 574 ರೂಪಾಯಿಗಿಂತ ಕಡಿಮೆಗೆ ಮಾರಿದ ಪ್ರತಿ ಚೀಲವೂ ಹೆಣೆದವಳ ಕೂಲಿಯಿಂದ ಕಿತ್ತುಕೊಟ್ಟ ರಿಯಾಯಿತಿಯೇ ಆಗುತ್ತದೆ.

ಇದು ಬರಿಯ ಆತಂಕವಲ್ಲ. ಆಂಧ್ರಪ್ರದೇಶದ ನರಸಾಪುರ ಸುತ್ತಲಿನ ಗೋದಾವರಿ ತೀರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳಿಂದ ಬಂದ ಕ್ರೋಷಾ ಲೇಸು ಇಂದಿಗೂ ಸಾವಿರಾರು ಮನೆಗಳ ಕಸುಬಾಗಿದ್ದು, 2024ರಲ್ಲಿ ಭೌಗೋಳಿಕ ಗುರುತನ್ನೂ ಪಡೆದಿದೆ. ಆದರೆ ಅಲ್ಲಿನ ಹೆಣೆಯುವವರ ಬಗ್ಗೆ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯೇ ಚಿತ್ರ ಕೊಟ್ಟಿತು. ಸರಕು ಹೊರದೇಶಗಳಿಗೆ ಹೋಗುತ್ತಿತ್ತು, ರಫ್ತುದಾರರು ಬೆಳೆದರು. ಹೆಣೆಯುವವರನ್ನು ಮಾತ್ರ ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದು ಎಣಿಸಿ, ಕೃಷಿಕೂಲಿಗಿಂತಲೂ ಕಡಿಮೆ ಕೊಡಲಾಗುತ್ತಿತ್ತು. "ಹೇಗೂ ಮನೆಯಲ್ಲೇ ಇರುತ್ತಾರಲ್ಲ" ಎಂಬ ಮಾತು ಸಭೆಯಲ್ಲಿ ಕೇಳಿಬಂದರೆ ಸದಸ್ಯರು ಇದನ್ನು ನೆನಪಿಗೆ ತಂದುಕೊಳ್ಳಬಹುದು. ಮನೆಯಲ್ಲಿ ಕುಳಿತು ಮಾಡಿದರೂ ತುಂಡು ಕೆಲಸ ಕೆಲಸವೇ. ಅದಕ್ಕೆ ಕನಿಷ್ಠ ದರ ನಿಗದಿಪಡಿಸಲು ವೇತನ ಕಾನೂನಿನಲ್ಲಿ ಅವಕಾಶವಿದೆ. ಇಂತಹ ಮಹಿಳೆಯರು ಅಸಂಘಟಿತ ಕಾರ್ಮಿಕರಾಗಿ ಇ-ಶ್ರಮ್‌ನಲ್ಲಿ ನೋಂದಾಯಿಸಿಕೊಳ್ಳಬಹುದಾಗಿದೆ.

ಪಂಚಾಯತಿಯು ಇಲ್ಲಿ ವ್ಯಾಪಾರ ಮಾಡಬೇಕಾಗಿಲ್ಲ. ಒಕ್ಕೂಟವು ದೊಡ್ಡ ಬೇಡಿಕೆ ಒಪ್ಪಿಕೊಳ್ಳುವ ಮೊದಲು ಒಬ್ಬರು ಒಂದು ಮಾದರಿ ಚೀಲವನ್ನು ಗಡಿಯಾರ ಇಟ್ಟುಕೊಂಡು ಹೆಣೆದು, ತಗಲಿದ ಗಂಟೆಗಳನ್ನು ನಡಾವಳಿಯಲ್ಲಿ ಬರೆಯಿಸುವುದು ಪ್ರಯೋಜನಕಾರಿ. ಒಪ್ಪಂದ ಬರಹದಲ್ಲಿರಲಿ: ದಾರದ ಮುಂಗಡ ಯಾರದು, ಹಣ ಎಷ್ಟು ದಿನಗಳಲ್ಲಿ ಖಾತೆಗೆ ಬರುತ್ತದೆ, ತಿರಸ್ಕೃತ ಚೀಲದ ನಷ್ಟ ಯಾರ ಮೇಲೆ. ಮೂರನೆಯದನ್ನು ಬಾಯಿಮಾತಿಗೆ ಬಿಟ್ಟರೆ ನಷ್ಟ ಹೆಣೆದವಳ ಮೇಲೆಯೇ ಬೀಳುತ್ತದೆ. ತರಬೇತಿಗೆ ಜಿಲ್ಲೆಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ವಿಚಾರಿಸಬಹುದು. ಅಲ್ಲಿ ಊಟ, ವಸತಿ ಸಹಿತ ತರಬೇತಿ ಉಚಿತ. ದಾರದ ದಾಸ್ತಾನಿಗೆ ಬಂಡವಾಳ ಬೇಕಾದವರಿಗೆ 50,000 ರೂಪಾಯಿವರೆಗಿನ ಮುದ್ರಾ ಶಿಶು ಸಾಲ ಸಾಕಾಗುತ್ತದೆ, ಏಕೆಂದರೆ ಈ ಕಸುಬಿಗೆ ಯಂತ್ರ ಬೇಡ.

ಬೇಕಾದುದು ಬೆಳಕು. ಕಪ್ಪು ದಾರದ ಹಿಂದಿನ ಎಳೆಯನ್ನು ಮಂದ ದೀಪದಲ್ಲಿ ಹುಡುಕುವವರ ಕಣ್ಣು ಬೇಗ ಸೋಲುತ್ತದೆ, ಬಿಗಿ ಹೆಣಿಗೆಯಿಂದ ಮಣಿಕಟ್ಟೂ ನೋಯುತ್ತದೆ. ಅರಿವು ಕೇಂದ್ರದ ಅಥವಾ ಸಮುದಾಯ ಭವನದ ಒಂದು ಕೋಣೆಯನ್ನು ಮಧ್ಯಾಹ್ನದ ಎರಡು ಗಂಟೆ ಇವರಿಗೆ ತೆರೆದಿಡಲು ಪಂಚಾಯತಿ ನಿರ್ಣಯಿಸಬಹುದು. ಕೂಸಿನ ಮನೆ ಇರುವ ಕಡೆ ಅದು ಸಮೀಪವೇ ಇದ್ದರೆ ಚಿಕ್ಕ ಮಕ್ಕಳ ತಾಯಂದಿರೂ ಬರಲು ಸಾಧ್ಯವಾಗುತ್ತದೆ.