ಹಲ್ಲು ಕೀಳಿಸುವ ಮುನ್ನ

ಕಟಕ ರೊಟ್ಟಿ ಕಡಿದರೆ, ಮುಖಕ್ಕೆ ನೀರು ಹಾಕಿದರೆ, ಸೇಡಂ-ಚಿಂಚೋಳಿ ಬಸ್ಸಿನ ಕಿಟಕಿಯ ಗಾಳಿ ಕೆನ್ನೆಗೆ ತಾಗಿದರೂ ಸಾಕು, ಒಂದೇ ಬದಿಯ ದವಡೆಗೆ ‘ಕರೆಂಟ್ ಹೊಡದಂಗ’ ಆಗುತ್ತದೆ. ಕೆಲವೇ ಸೆಕೆಂಡು, ಹೆಚ್ಚೆಂದರೆ 2 ನಿಮಿಷ. ಇದು ಟ್ರೈಜೆಮಿನಲ್ ನ್ಯೂರಾಲ್ಜಿಯಾ. 50 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ನೋವು ಹಲ್ಲಿನ ಬುಡದಲ್ಲೇ ಎದ್ದಂತೆ ಅನಿಸುವುದರಿಂದ ಗಟ್ಟಿ ಹಲ್ಲುಗಳನ್ನೇ ಒಂದೊಂದಾಗಿ ಕೀಳಿಸಿಕೊಂಡವರಿದ್ದಾರೆ. ನೋವು ಮಾತ್ರ ಹೋಗಿಲ್ಲ.

ಹುಳುಕು ಹಲ್ಲು ಸಾಮಾನ್ಯವಾಗಿ ತಾಸುಗಟ್ಟಲೆ ಮಿಡಿಯುತ್ತದೆ, ರಾತ್ರಿ ನಿದ್ದೆ ಕೆಡಿಸುತ್ತದೆ. ಈ ನೋವು ಮುಟ್ಟಿದರೆ ಸಿಡಿಯುತ್ತದೆ, ನಿದ್ದೆಯಲ್ಲಿ ಬಹುಪಾಲು ಸುಮ್ಮನಿರುತ್ತದೆ. ಹಲ್ಲಿನ ಎಕ್ಸ್‌ರೇಯಲ್ಲಿ ದೋಷ ಕಾಣದಿದ್ದರೆ ಕೀಳಿಸಬೇಡಿ.

ತಪ್ಪಿರುವುದು ನರದಲ್ಲಿ. ಹಣೆ, ಕೆನ್ನೆ, ಕೆಳದವಡೆಗೆ ಮೂರು ಕವಲಾಗಿ ಬರುವ ಐದನೇ ನರವನ್ನು ಮೆದುಳಿನ ಬುಡದಲ್ಲಿ ರಕ್ತನಾಳವೊಂದು ಒತ್ತುತ್ತಿರುತ್ತದೆ. ವೈರಿನ ಮೇಲಿನ ರಬ್ಬರು ಸವೆದಂತೆ ನರದ ಹೊದಿಕೆ ಸವೆದು, ಬರಿಯ ಸ್ಪರ್ಶವೂ ನೋವಾಗಿ ಹರಿಯುತ್ತದೆ. ಕೆಲವರಲ್ಲಿ ಗಡ್ಡೆಯೋ ಮಲ್ಟಿಪಲ್ ಸ್ಕ್ಲೆರೋಸಿಸ್ಸೋ ಕಾರಣವಾಗಿರಬಹುದು. ಅದಕ್ಕೇ ಎಂಆರ್‌ಐ ಬೇಕು. ವಯಸ್ಸು ಚಿಕ್ಕದಿದ್ದರೆ, ಮುಖ ಜೋಮು ಹಿಡಿದಿದ್ದರೆ, ಎರಡೂ ಬದಿ ನೋವಿದ್ದರೆ ತಡಮಾಡಲೇಬಾರದು.

ಪ್ಯಾರಾಸಿಟಮಾಲ್, ಬ್ರೂಫಿನ್ ಇಲ್ಲಿ ನಡೆಯುವುದಿಲ್ಲ. ಮೊದಲ ಔಷಧ ಕಾರ್ಬಮಜೆಪಿನ್. ಹಳೆಯದು, ಅಗ್ಗದ್ದು, ದೇಶದ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿರುವಂಥದ್ದು. ಆದರೆ ಇದು ‘ಫಿಟ್ಸ್ ಗುಳಿಗೆ’ ಎಂದು ಯಾರೋ ಹೇಳಿದ ಕೂಡಲೇ ಹೆದರಿ ಬಿಟ್ಟುಬಿಡುವವರಿದ್ದಾರೆ. ಫಿಟ್ಸ್‌ನಲ್ಲೂ ಈ ನೋವಿನಲ್ಲೂ ಸಿಡಿಯುವ ನರವನ್ನು ತಣಿಸುವುದೇ ಇದರ ಕೆಲಸ; ಇದನ್ನು ಕೊಟ್ಟರೆ ಫಿಟ್ಸ್ ಇದೆಯೆಂದಲ್ಲ. ಡೋಸನ್ನು ವೈದ್ಯರು ಮೆಲ್ಲಗೆ ಏರಿಸುತ್ತಾರೆ. ಮೊದಲ ದಿನಗಳಲ್ಲಿ ಮಂಪರು, ತಲೆ ತಿರುಗು ಬರಬಹುದು. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ, ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವವರು ಆಗ ಯಂತ್ರ, ಎತ್ತರ, ಬೈಕಿನಿಂದ ದೂರವಿರಬೇಕು. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿಯಬಹುದು, ರಕ್ತಪರೀಕ್ಷೆ ತಪ್ಪಿಸಬಾರದು. ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಗುಳಿಗೆ ನಿಲ್ಲಿಸಿ ಅವತ್ತೇ ದವಾಖಾನೆಗೆ ಹೋಗಿ; ಅದು ಜೀವಕ್ಕೆ ಕುತ್ತಾಗಬಲ್ಲದು. ಉಳಿದಂತೆ ನೋವು ಹೋಯಿತೆಂದು ತಟ್ಟನೆ ಬಿಡಬೇಡಿ.

ಗುಳಿಗೆ ಸಾಲದಾದಾಗ ನರಕ್ಕೂ ರಕ್ತನಾಳಕ್ಕೂ ನಡುವೆ ಪುಟ್ಟ ಮೆತ್ತೆ ಇಡುವ ಶಸ್ತ್ರಚಿಕಿತ್ಸೆ ಇದೆ. ಬಹುಜನರಿಗೆ ವರ್ಷಗಟ್ಟಲೆ ನೆಮ್ಮದಿ ಕೊಡುವುದು ಇದೇ. ಅದನ್ನು ತಾಳದ ವೃದ್ಧರಿಗೆ ಕೆನ್ನೆಯಿಂದ ಸೂಜಿ ತೂರಿಸಿ ನರವನ್ನು ಮಂದಗೊಳಿಸುತ್ತಾರೆ, ಇಲ್ಲವೇ ಗಾಮಾ ನೈಫ್ ವಿಕಿರಣ ಕೊಡುತ್ತಾರೆ. ಇವುಗಳಿಂದ ಮುಖ ಸ್ವಲ್ಪ ಜೋಮು ಹಿಡಿಯಬಹುದು. ಚಿತ್ತಾಪುರ, ಸೇಡಂನವರು ತಾಲೂಕು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಕಲಬುರಗಿಯ ನರರೋಗ ತಜ್ಞರನ್ನು ಕಾಣಬಹುದು. ಮುಂದಿನ ಹಂತಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಹೈದರಾಬಾದ್; ವಾಡಿ ಜಂಕ್ಷನ್‌ನಿಂದ ಎರಡೂ ಕಡೆಗೆ ರೈಲಿದೆ. ಹೋಗುವಾಗ ಎಂಆರ್‌ಐ ಫಿಲ್ಮು, ಈವರೆಗಿನ ಗುಳಿಗೆಗಳ ಚೀಟಿ, ಕೀಳಿಸಿದ ಹಲ್ಲುಗಳ ವಿವರ ಜೊತೆಗಿರಲಿ.