ಚೀಲದೊಳಗೊಂದು ಓಲಗ

ಒಬ್ಬನೇ ಮನುಷ್ಯ! ಕಂಕುಳಲ್ಲಿ ಚೀಲ, ಹೆಗಲ ಮೇಲೆ ಮೂರು ಕೊಳವೆ, ಬೆರಳಡಿಯಲ್ಲಿ ಇನ್ನೊಂದು. ಅವನೊಬ್ಬನೇ ನಮ್ಮೂರ ಓಲಗದ ಇಬ್ಬರು! ಬೆಂಗಳೂರಿನ ಮಾಣೆಕ್ ಷಾ ಪರೇಡ್ ಮೈದಾನದಲ್ಲಿ ಸೇನೆಯ ಪೈಪ್ ಬ್ಯಾಂಡ್ ಕೇಳುತ್ತ ನನ್ನ ಮೈ ಜುಮ್ಮೆಂದದ್ದು ಇದಕ್ಕೇ. ವೇಮಗಲ್‌ನಲ್ಲಿ ಸಂಜೆ ಹೊತ್ತು ನಾಗಸ್ವರ ಊದುವ ಹವ್ಯಾಸಿ ನಾನು, ಸೀತಿಬೆಟ್ಟದ ಕಡೆಯ ಓಲಗ ಕೇಳುತ್ತಲೇ ಬೆಳೆದವನು. ಆ ಮೇಳದಲ್ಲಿ ಒಬ್ಬರು ರಾಗ ನುಡಿಸಿದರೆ, ಪಕ್ಕದವರು ಕೆನ್ನೆ ಉಬ್ಬಿಸಿ, ಮೂಗಿನಲ್ಲಿ ಉಸಿರೆಳೆದುಕೊಳ್ಳುತ್ತ ಬರೀ ಶ್ರುತಿ ಹಿಡಿಯಬೇಕು. ಇಲ್ಲಿ ಆ ಪಕ್ಕದವರ ದುಡಿಮೆಯನ್ನೆಲ್ಲ ಚೀಲವೇ ಮಾಡುತ್ತಿದೆ!

ಶುರುವಾಗುವ ಮುಂಚೆ ಒಬ್ಬ ಯೋಧ ಶ್ರುತಿ ಕೂಡಿಸುತ್ತಿದ್ದ. ಹೆಗಲ ಕೊಳವೆಗಳಲ್ಲಿ ಎರಡು ಒಂದೇ ಸ್ಥಾಯಿಯವು, ಉದ್ದನೆಯದು ಅದಕ್ಕೂ ಒಂದು ಸ್ಥಾಯಿ ಕೆಳಗೆ. ಎರಡೂ ಕೂಡದಿದ್ದಾಗ ನಾದ ವೊಂವೊಂ ಎಂದು ಅದುರುತ್ತಿತ್ತು. ಅವನು ಒಂದರ ತುದಿಯನ್ನು ಕೂದಲೆಳೆಯಷ್ಟು ಮೇಲೆ ಸರಿಸಿದ. ಅದುರು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಇಲ್ಲವೇ ಆಯಿತು!

ತಡೆಯಲಾರದೆ ಕೇಳಿಯೇಬಿಟ್ಟೆ: “ಅಣ್ಣಾ, ಇದರೊಳಗೂ ಪೀಪಿ ಐತಾ?”

“ಒಂದಲ್ಲಣ್ಣ, ನಾಲ್ಕವೆ!”

ಬಿಚ್ಚಿ ತೋರಿಸಿದ. ನುಡಿಸುವ ಕೊಳವೆಯಲ್ಲಿರುವುದು ಎರಡು ತುಟಿ ಸೇರಿಸಿ ದಾರ ಸುತ್ತಿದ ಪೀಪಿ, ನಮ್ಮ ನಾಗಸ್ವರದ್ದೇ ಜಾತಿ. ಉಳಿದ ಮೂರರಲ್ಲಿ ಒಂಟಿ ನಾಲಿಗೆ, ಹಾವಾಡಿಗರ ಪುಂಗಿಯಲ್ಲಿರುವಂಥದ್ದು! ಓಲಗವೂ ಪುಂಗಿಯೂ ಒಂದೇ ಚೀಲದ ಗಾಳಿ ಕುಡಿದು ಹಾಡುತ್ತಿವೆ. ಯಕ್ಷಗಾನದ ಭಾಗವತರಿಗೆ ಹಿಂದೆ ಶ್ರುತಿ ಕೊಡುತ್ತಿದ್ದದ್ದೂ ಪುಂಗಿಯೇ ಅಲ್ಲವೇ!

ಆಮೇಲೆ ಕೇಳಿದ್ದೆಲ್ಲ ಬೇರೆಯೇ. ಈ ವಾದ್ಯಕ್ಕಿರುವುದು ಒಂಬತ್ತೇ ಸ್ವರ, ಕೆಳಗಿನ ನಿಷಾದದಿಂದ ಮೇಲಿನ ಷಡ್ಜದವರೆಗೆ. ಹೆಗಲ ಕೊಳವೆಗಳ ನಾದವನ್ನೇ ಷಡ್ಜವೆಂದು ಹಿಡಿದರೆ ಸಿಕ್ಕುವುದು ಹರಿಕಾಂಬೋಜಿ! ಸ್ಕಾಟ್ಲೆಂಡಿನ ಬೆಟ್ಟಗಳಿಂದ ಪಲ್ಟನ್ನುಗಳ ಜೊತೆ ಬಂದ ವಾದ್ಯದಲ್ಲಿ ಹರಿಕಾಂಬೋಜಿ! ಇನ್ನೂ ಒಂದು ಸೋಜಿಗ: ಚೀಲದ ಗಾಳಿ ನಿಲ್ಲುವುದಿಲ್ಲ, ಆದ್ದರಿಂದ ಸ್ವರವನ್ನು ನಮ್ಮ ಹಾಗೆ ನಾಲಿಗೆಯಿಂದ ತುಂಡರಿಸಲಾಗದು. ಒಂದೇ ಸ್ವರ ಎರಡು ಸಲ ಬರಬೇಕಾದರೆ ನಡುವೆ ಬೇರೊಂದು ಸ್ವರವನ್ನು ಬೆರಳು ಚಕ್ಕನೆ ಮುಟ್ಟಿ ಹೋಗುತ್ತದೆ. ಕಣ್ಣಿಗೆ ಬೆರಳ ಮಿಂಚು, ಕಿವಿಗೆ ಅಚ್ಚುಕಟ್ಟಾದ ಬಿಡಿಬಿಡಿ ಸ್ವರ.

ಚೀಲ ನಮಗೇನೂ ಹೊಸದಲ್ಲ. ಗಡಿಯಾಚೆಯ ಆಂಧ್ರದಲ್ಲಿ ಇಡೀ ಆಡಿನ ಚರ್ಮದಿಂದ ಮಾಡಿದ ತಿತ್ತಿ ಉಂಟು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಯಾರ ಮನೆಯ ಅಟ್ಟದಲ್ಲಾದರೂ ಒಂದು ಉಳಿದಿದ್ದರೆ ಹೇಳಿಕಳಿಸಿ. ನಾಗಸ್ವರ ಹಿಡಿದು ಅವತ್ತೇ ಬಂದೆ!